ತೋಟದ ಮನೆಯಲ್ಲಿ ಒಬ್ಬರನ್ನೇ ಇಟ್ಟರೆ ಕುಡಿತ ಬಿಟ್ಟಂತಾಯಿತೇ?

ಪ್ರಶ್ನೆ: ಡಾಕ್ಟರೇ, ನಮ್ಮದು ಜಮಖಂಡಿ ತಾಲ್ಲೂಕಿನಲ್ಲಿ ಕೃಷ್ಣಾ ದಂಡೆಯ ಹಳ್ಳಿ. ಕಬ್ಬಿನ ಹೊಲ ಇದೆ. ಅಣ್ಣನಿಗೆ 41 ವರ್ಷ, ಹದಿನಾಲ್ಕು ವರ್ಷದಿಂದ ಕುಡಿತ. ಅತ್ತಿಗೆ ಮಕ್ಕಳನ್ನು ಕರೆದುಕೊಂಡು ತವರಿಗೆ ಹೋಗಿದ್ದಾರೆ. ಅಣ್ಣನನ್ನು ಮೂರು ತಿಂಗಳು ಒಂದು ವ್ಯಸನಮುಕ್ತಿ ಸೆಂಟರ್‌ನಲ್ಲಿ ಇಟ್ಟಿದ್ದೆವು. ಬಂದು ಐದು ವಾರ ಆಯಿತು. ‘ಹಳೇ ಗೆಳೆಯರ ಸಹವಾಸ ತಪ್ಪಿಸಿ’ ಎಂದು ಅಲ್ಲಿಯವರು ಹೇಳಿದ್ದಕ್ಕೆ ಊರಿಂದ ಎರಡು ಕಿಲೋಮೀಟರ್ ದೂರದ ತೋಟದ ಮನೆಯಲ್ಲಿ ಇರಿಸಿದ್ದೇವೆ. ಫೋನು, ಬೈಕಿನ ಕೀಲಿ ನನ್ನ ಹತ್ತಿರ ಇವೆ. ಎರಡು ಹೊತ್ತು ಬುತ್ತಿ ಕಳಿಸುತ್ತೇವೆ. ಒಂದು ಹನಿ ಕುಡಿದಿಲ್ಲ. ಆದರೆ ಮಾತಿಲ್ಲ, ನಿದ್ದೆ ಇಲ್ಲ, ಸುಮ್ನೆ ಹೊರಸಿನ ಮೇಲೆ ಕೂತಿರುತ್ತಾರೆ. ಮೊನ್ನೆ, ‘ಕುಡೀತಿದ್ದಾಗ ನಾಕ್ ಮಂದಿ ಮಾತಾಡಸ್ತಿದ್ರು, ಈಗ ನಾಯಿನೂ ಮೂಸಿ ನೋಡಂಗಿಲ್ಲ’ ಅಂದರು. ನಾವು ಮಾಡುತ್ತಿರುವುದು ಸರಿಯೇ? ಇನ್ನೂ ಎಷ್ಟು ದಿನ ಹೀಗೆ ಇಡಬೇಕು? ಮುಂದಿನ ತಿಂಗಳು ಅಕ್ಕನ ಮಗಳ ಮದುವೆ ಇದೆ. ಕರೆದುಕೊಂಡು ಹೋಗಬೇಕೋ ಬೇಡವೋ?

ಉತ್ತರ: ಎಷ್ಟು ದಿನ ಇಡಬೇಕು ಎಂದು ಕೇಳಿದ್ದೀರಿ. ಇನ್ನು ಒಂದು ದಿನವೂ ಬೇಡ. ನಾಳೆ ರಾತ್ರಿ ಊಟಕ್ಕೆ ಅಣ್ಣನನ್ನು ಊರ ಮನೆಗೆ ಕರೆದುಕೊಂಡು ಬನ್ನಿ. ಯಾಕೆ, ಹೇಗೆ ಅನ್ನುವುದನ್ನು ಆಮೇಲೆ ಹೇಳುತ್ತೇನೆ. ಅದಕ್ಕೂ ಮೊದಲು ಒಂದು ಕೆಲಸ ಇವತ್ತೇ ಆಗಬೇಕು.

ನಿಮ್ಮ ತೋಟದ ಮನೆಯಲ್ಲಿ ಬೆಳೆಗೆ ಹೊಡೆಯುವ ಎಣ್ಣೆ ಇದ್ದೇ ಇರುತ್ತದೆ. ನಮ್ಮ ಕಡೆ ಕುಡಿಯುವುದಕ್ಕೂ ಎಣ್ಣೆ, ಹುಳ ಸಾಯಿಸುವುದಕ್ಕೂ ಎಣ್ಣೆ. ಮೊದಲನೆಯದನ್ನು ಅಣ್ಣನಿಂದ ದೂರ ಮಾಡುವ ಭರದಲ್ಲಿ ಎರಡನೆಯದರ ಪಕ್ಕದಲ್ಲೇ ಅವರನ್ನು ಮಲಗಿಸಿದ್ದೀರಿ. ಆ ಡಬ್ಬಿ, ಬಾಟಲಿ ಎಲ್ಲವನ್ನೂ ಇವತ್ತೇ ಅಲ್ಲಿಂದ ತೆಗೆದು ಬೇರೆ ಕಡೆ ಬೀಗ ಹಾಕಿ ಇಡಿ. ಆಮೇಲೆ ಅಣ್ಣನ ಪಕ್ಕ ಹೊರಸಿನ ಮೇಲೆ ಕೂತು ನೇರವಾಗಿ ಕೇಳಿ: ‘ಅಣ್ಣಾ, ಸಾಯಬೇಕಂತ ಏನರ ಮನಸಿನ್ಯಾಗ ಬರ್ತದೇನು?’ ಹಾಗೆ ಕೇಳಿದರೆ ಇಲ್ಲದ ವಿಚಾರ ತಲೆಗೆ ತುಂಬಿದಂತಾಗುತ್ತದೆ ಎಂದು ಬಹಳ ಜನ ಹೆದರುತ್ತಾರೆ. ಹಾಗೇನೂ ಆಗುವುದಿಲ್ಲ. ಒಳಗೇ ಇಟ್ಟುಕೊಂಡದ್ದನ್ನು ಹೇಳಿಕೊಳ್ಳಲು ದಾರಿಯಾಗುತ್ತದೆ, ಅಷ್ಟೇ. ‘ಹೌದು’ ಅಂದರೆ, ಅಥವಾ ಏನೂ ಹೇಳದೆ ಮುಖ ತಿರುಗಿಸಿದರೆ, ಒಬ್ಬರನ್ನೇ ಬಿಡಬೇಡಿ. ಅದೇ ದಿನ ಮನೋವೈದ್ಯರಿಗೆ ತೋರಿಸಿ. ರಾತ್ರಿಯಾಗಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಫೋನ್ ಮಾಡಿ. ದುಡ್ಡು ಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ, ದಿನವಿಡೀ ಇರುತ್ತಾರೆ.

ಇನ್ನು ಅವರ ನಿದ್ದೆ ಮತ್ತು ಮಂಕು. ಕುಡಿತ ನಿಂತ ಮೊದಲ ಎರಡು ಮೂರು ವಾರ ಮನಸ್ಸು ಕುಗ್ಗಿರುವುದು ಸಹಜ. ಬಹಳ ಜನರಿಗೆ ಅದು ತಾನಾಗಿಯೇ ತಿಳಿಯಾಗುತ್ತದೆ. ನಿದ್ದೆ ಸರಿಹೋಗಲು ಇನ್ನೂ ಜಾಸ್ತಿ ದಿನ ಬೇಕು. ಆದರೆ ಸೆಂಟರ್‌ನ ಮೂರು ತಿಂಗಳು, ಮನೆಯ ಐದು ವಾರ ಸೇರಿದರೆ ನಿಮ್ಮ ಅಣ್ಣ ಕುಡಿಯದೆ ನಾಲ್ಕು ತಿಂಗಳು ದಾಟಿದೆ. ಈಗಲೂ ಇಷ್ಟು ಮಂಕಾಗಿದ್ದರೆ ಅದು ಮದ್ಯ ಬಿಟ್ಟದ್ದರ ಕಾಟ ಅಲ್ಲ. ಖಿನ್ನತೆ ಇರಬಹುದು, ತೋರಿಸಲೇಬೇಕು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದ ಕ್ಲಿನಿಕ್ ನಡೆಯುತ್ತದೆ, ಸಾಮಾನ್ಯವಾಗಿ ಮಂಗಳವಾರ. ನಿಮ್ಮಲ್ಲಿ ಯಾವ ದಿನ ಎಂದು ವಿಚಾರಿಸಿಕೊಂಡು ಹೋಗಿ.

ಈಗ ತೋಟದ ಮನೆಯ ವಿಚಾರಕ್ಕೆ ಬರೋಣ.

ನೀವು ಕೆಟ್ಟದ್ದು ಮಾಡಲು ಹೊರಟವರಲ್ಲ. ಎರಡು ಹೊತ್ತು ಬಿಸಿ ರೊಟ್ಟಿ ಕಳಿಸುವ ತಮ್ಮ ಎಲ್ಲರಿಗೂ ಸಿಗುವುದಿಲ್ಲ. ‘ದೂರ ಇಡಬೇಕು’ ಅನ್ನುವ ಮಾತಿನಲ್ಲಿ ಅರ್ಧ ಸತ್ಯವೂ ಇದೆ. ಹಳೇ ಜಾಗ, ಹಳೇ ಹೊತ್ತು, ಹಳೇ ಮುಖ ಕಂಡರೆ ಕುಡಿಯುವ ಆಸೆ ಏಳುತ್ತದೆ. ಬಾರ್ ಮುಂದಿನ ಕರಿದ ಮೆಣಸಿನಕಾಯಿ ವಾಸನೆಗೇ ಕೈ ನಡುಗಿತು ಎಂದವರನ್ನು ನಾನು ನೋಡಿದ್ದೇನೆ. ಹಾಗಾಗಿ ಮೊದಲ ಕೆಲವು ವಾರ ಅವುಗಳಿಂದ ತಪ್ಪಿಸಿಕೊಂಡಿರುವುದು ಒಳ್ಳೆಯದೇ.

ಆದರೆ ಆ ಮೊದಲ ದಿನಗಳಲ್ಲೂ ‘ದೂರ’ ಎಂದರೆ ‘ಒಬ್ಬನೇ’ ಎಂದಲ್ಲ. ಇದನ್ನು ನಿಮಗಿಂತ ಹೆಚ್ಚಾಗಿ ಉಳಿದ ಓದುಗರಿಗಾಗಿ ಹೇಳುತ್ತಿದ್ದೇನೆ. ದಿನಾ ಜಾಸ್ತಿ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಆರೆಂಟು ತಾಸಿನಲ್ಲಿ ನಡುಕ, ಬೆವರು ಶುರುವಾಗುತ್ತದೆ. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ನಡುವೆ ಕೆಲವರು ಇಲ್ಲದ್ದನ್ನು ಕಂಡು ಬಡಬಡಿಸುತ್ತಾರೆ, ಗುರುತು ಹಿಡಿಯುವುದಿಲ್ಲ. ಅದು ಜೀವಕ್ಕೇ ಅಪಾಯ. ಕೋಣೆಯಲ್ಲಿ ಕೂಡಿ ಹಾಕಿ ‘ನಾಕ್ ದಿನ ಒದ್ದಾಡ್ಲಿ, ಬಿಡ್ತಾನ’ ಎಂದು ಕೂತ ಮನೆಯವರು ಮೂರನೇ ದಿನ ಅಂಬುಲೆನ್ಸ್‌ನಲ್ಲಿ ಬಂದದ್ದು ನನ್ನ ಇಪ್ಪತ್ತು ವರ್ಷದ ಕೆಲಸದಲ್ಲಿ ಒಂದೆರಡು ಸಲ ಅಲ್ಲ. ಆ ಹಂತದಲ್ಲಿ ವೈದ್ಯರು ಬೇಕು, ಮಾತ್ರೆ ಬೇಕು, ಬಿ1 ವಿಟಮಿನ್ ಬೇಕು. ಪಕ್ಕದಲ್ಲಿ ಒಬ್ಬ ಮನುಷ್ಯನೂ ಬೇಕು.

ನಿಮ್ಮ ಅಣ್ಣ ಆ ಹಂತ ದಾಟಿದ್ದಾರೆ. ಅವರ ಈಗಿನ ತೊಂದರೆ ಬೇರೆ.

ಹೊಸದಾಗಿ ಬಂದವರಿಗೆ ನಾನು ಒಂದು ಪ್ರಶ್ನೆ ಕೇಳುತ್ತೇನೆ. ಯಾರ ಜೊತೆ ಕುಡಿಯುತ್ತೀರಿ? ಹತ್ತು ವರ್ಷದ ಹಿಂದೆ ಯಾರ ಜೊತೆ ಎಂದರೆ, ‘ಗೆಳ್ಯಾರ ಕೂಡ್ರಿ, ಐದಾರ್ ಮಂದಿ.’ ಐದು ವರ್ಷದ ಹಿಂದೆ? ‘ಒಬ್ಬವ್ನ ಜೋಡಿ.’ ಈಗ? ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಯಾರಿಲ್ರಿ, ಒಬ್ಬಾನ.’ ಈ ಮೂರು ಉತ್ತರಗಳನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಕುಡಿತ ಜನರ ನಡುವೆ ಶುರುವಾಗಿ ಒಂಟಿ ಮನುಷ್ಯನಲ್ಲಿ ಮುಗಿಯುತ್ತದೆ. ಮೊದಲು ಸೋದರಮಾವ ಮನೆಗೆ ಕರೆಯುವುದು ಬಿಡುತ್ತಾರೆ. ಆಮೇಲೆ ಸಾಲ ಕೇಳುತ್ತಾನೆ ಎಂದು ಗೆಳೆಯ ದಾರಿ ಬದಲಿಸುತ್ತಾನೆ. ಮಗಳು ಶಾಲೆಗೆ ‘ಅಪ್ಪಾ ನೀ ಬರಬ್ಯಾಡ’ ಅನ್ನುತ್ತಾಳೆ. ಒಂದೊಂದು ಬಾಗಿಲು ಮುಚ್ಚಿದಾಗಲೂ ಒಳಗೆ ಉರಿ. ಆ ಉರಿಗೆ ಇನ್ನೊಂದು ನೈಂಟಿ. ಕುಡಿತದಿಂದ ಒಂಟಿತನವೋ, ಒಂಟಿತನದಿಂದ ಕುಡಿತವೋ ಎಂದು ಕೇಳಿದರೆ ಎರಡೂ ಹೌದು. ಗಾಣದ ಎತ್ತಿನ ಹಾಗೆ ಸುತ್ತುತ್ತಲೇ ಇರುತ್ತದೆ.

ಇದು ಬರೀ ಮನಸ್ಸಿನ ಮಾತಲ್ಲ, ಮಿದುಳಿನ ಮಾತೂ ಹೌದು. 1970ರ ದಶಕದಲ್ಲಿ ಜಾಕ್ ಪಾಂಕ್ಸೆಪ್ ಎಂಬ ವಿಜ್ಞಾನಿ ಮತ್ತು ಅವರ ಜೊತೆಗಾರರು ತಾಯಿಯಿಂದ ಬೇರೆ ಮಾಡಿದ ನಾಯಿಮರಿಗಳನ್ನು ಗಮನಿಸಿದರು. ಮರಿಗಳು ಕುಂಯ್ ಕುಂಯ್ ಎಂದು ಅಳುತ್ತವೆ, ನಿಮಗೆ ಗೊತ್ತೇ ಇದೆ. ತೀರಾ ಸಣ್ಣ ಪ್ರಮಾಣದಲ್ಲಿ ಮಾರ್ಫೀನ್ ಕೊಟ್ಟರೆ ಅಳು ಕಡಿಮೆಯಾಯಿತು. ನಿದ್ದೆ ಬರಿಸುವಷ್ಟಲ್ಲ, ಅಷ್ಟು ಸಣ್ಣದು. ಅಂದರೆ ತಾಯಿಯ ಮೈ ತಾಗಿದಾಗ ಸಿಗುವ ಸಮಾಧಾನಕ್ಕೂ ಅಫೀಮಿನ ಜಾತಿಯ ಮದ್ದು ಕೊಡುವ ಸಮಾಧಾನಕ್ಕೂ ಮಿದುಳಿನಲ್ಲಿ ಸುಮಾರಾಗಿ ಒಂದೇ ಬಾಗಿಲು. ಮದ್ಯ ಕೂಡ ಆ ಬಾಗಿಲನ್ನು ಸ್ವಲ್ಪ ತಟ್ಟುತ್ತದೆ.

‘ರ‍್ಯಾಟ್ ಪಾರ್ಕ್’ ಪ್ರಯೋಗದ ಬಗ್ಗೆ ನೀವು ವಾಟ್ಸಾಪ್‌ನಲ್ಲಿ ಓದಿರಬಹುದು. 1970ರ ದಶಕದ ಕೊನೆಗೆ ಕೆನಡಾದ ಬ್ರೂಸ್ ಅಲೆಕ್ಸಾಂಡರ್ ಮಾಡಿದ್ದು. ಪಂಜರದಲ್ಲಿ ಒಂಟಿಯಾಗಿದ್ದ ಇಲಿಗಳು ಮಾರ್ಫೀನ್ ಬೆರೆಸಿದ ನೀರನ್ನು ಜಾಸ್ತಿ ಕುಡಿದವು. ವಿಶಾಲ ಜಾಗದಲ್ಲಿ ಜೊತೆಗಾರರೊಂದಿಗೆ ಇದ್ದವು ಕಡಿಮೆ ಕುಡಿದವು. ಕೇಳಲು ಚಂದ. ಆದರೆ ಆಮೇಲೆ ಬೇರೆಯವರು ಮಾಡಿದಾಗ ಎಲ್ಲ ಸಲವೂ ಹಾಗೇ ಬರಲಿಲ್ಲ. ‘ಒಂಟಿತನವೇ ಚಟ, ಪ್ರೀತಿಯೇ ಮದ್ದು’ ಎಂದು ಬರೆದು ಹೃದಯದ ಚಿತ್ರ ಹಾಕಿ ಕಳಿಸುವವರು ಇದನ್ನು ಹೇಳುವುದಿಲ್ಲ. ತುಂಬಿದ ಮನೆಯಲ್ಲಿ, ಪ್ರೀತಿಸುವ ಹೆಂಡತಿಯ ಎದುರಿಗೇ ಕುಡಿದು ಹಾಳಾದವರೂ ಇದ್ದಾರೆ ಅಲ್ವಾ? ಹುಟ್ಟಿನ ಗುಣ, ಕುಡಿಯಲು ಶುರು ಮಾಡಿದ ವಯಸ್ಸು, ಬೇರೆ ಮಾನಸಿಕ ಕಾಯಿಲೆ, ಸುಲಭವಾಗಿ ಸಿಗುವ ಬಾಟಲಿ ಇವೆಲ್ಲ ಸೇರಿಕೊಂಡಿರುತ್ತವೆ.

ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು 2018ರ ಇನ್ನೊಂದು ಪ್ರಯೋಗ. ಅಮೆರಿಕದಲ್ಲಿ ಮಾರ್ಕೊ ವೆನ್ನಿರೊ, ಯಾವಿನ್ ಶಹಾಮ್ ಮತ್ತು ಜೊತೆಗಾರರು ಮಾಡಿದ್ದು. ಹೆರಾಯಿನ್ ಮತ್ತು ಮೆಥ್ ಎಂಬ ಮಾದಕಗಳ ರುಚಿ ಹತ್ತಿದ ಇಲಿಗಳ ಮುಂದೆ ಎರಡು ಸನ್ನೆಕೋಲು ಇಟ್ಟರು. ಒಂದನ್ನು ಒತ್ತಿದರೆ ಮಾದಕ. ಇನ್ನೊಂದನ್ನು ಒತ್ತಿದರೆ ಸಣ್ಣ ಬಾಗಿಲು ತೆರೆದು ಆಚೆ ಇನ್ನೊಂದು ಇಲಿ. ಬಹುಪಾಲು ಇಲಿಗಳು ಬಹುಪಾಲು ಸಲ ಜೊತೆಗಾರನನ್ನೇ ಆರಿಸಿಕೊಂಡವು. ಇಷ್ಟನ್ನೇ ಹೇಳಿ ನಿಲ್ಲಿಸುವವರು ಜಾಸ್ತಿ. ನಿಮಗೆ ಬೇಕಾದದ್ದು ಮುಂದಿನ ಭಾಗ. ಬಾಗಿಲು ತೆರೆಯಲು ತಡ ಮಾಡಿದಾಗ, ಅಥವಾ ಜೊತೆಗಾರನನ್ನು ಆರಿಸಿದ್ದಕ್ಕೆ ಕರೆಂಟ್ ಶಾಕ್ ಕೊಟ್ಟಾಗ, ಇಲಿಗಳು ಮತ್ತೆ ಮಾದಕದ ಕಡೆಗೇ ತಿರುಗಿದವು.

ಇಲಿಯ ಮಾತು ಇಲಿಗೆ, ಒಪ್ಪುತ್ತೇನೆ. ಆದರೆ ತಡ ಮತ್ತು ಶಾಕ್ ಈ ಎರಡು ಪದ ಇಟ್ಟುಕೊಂಡು ನಮ್ಮ ಮನೆಗಳನ್ನು ನೋಡಿ. ಕುಡಿತ ಬಿಟ್ಟವನು ಜನರ ಹತ್ತಿರ ಬಂದಾಗ ಏನು ಸಿಗುತ್ತದೆ? ‘ಏನಪಾ, ಬಿಟ್ಟೀಯಂತ? ಎಷ್ಟ್ ದಿನದ ಆಟ?’ ‘ಬಾಯಿ ಊದು ನೋಡೂಣು.’ ‘ಇವ್ನ ಕೈಯಾಗ ರೊಕ್ಕ ಕೊಡಬ್ಯಾಡ್ರಿ.’ ಒಂದೊಂದೂ ಒಂದು ಶಾಕ್. ನಾಲ್ಕು ಸಲ ಹೊಡೆಸಿಕೊಂಡವನು ಐದನೇ ಸಲ ಯಾಕೆ ಬರುತ್ತಾನೆ? ಬಾರ್‌ನಲ್ಲಿ ಯಾರೂ ಹಾಗೆ ಕೇಳುವುದಿಲ್ಲ. ಹೋದ ತಕ್ಷಣ ಕುರ್ಚಿ ಎಳೆದು ಕೊಡುತ್ತಾರೆ. ನಿಮ್ಮ ಅಣ್ಣ ‘ನಾಕ್ ಮಂದಿ ಮಾತಾಡಸ್ತಿದ್ರು’ ಅಂದದ್ದು ಆ ಕುರ್ಚಿಯ ನೆನಪು. ಅದನ್ನು ಕುಡಿಯುವ ನೆಪ ಎಂದುಕೊಳ್ಳಬೇಡಿ.

ಹಾಗಾಗಿ ಅಣ್ಣನನ್ನು ಊರ ಮನೆಗೆ ಕರೆತಂದರೆ ಮುಗಿಯಿತು ಎಂದಲ್ಲ. ತುಂಬಿದ ಮನೆಯಲ್ಲೂ ತೋಟದ ಮನೆ ಕಟ್ಟಬಹುದು. ಎಲ್ಲರೂ ಉಂಡ ಮೇಲೆ ಅವರಿಗೆ ತಾಟು ಹಾಕಿದರೆ ಆಯಿತು. ಅವರು ಪಡಸಾಲೆಗೆ ಬಂದ ಕೂಡಲೇ ಮಾತು ನಿಂತರೆ ಆಯಿತು.

ಇಲ್ಲಿ ನಿಮ್ಮ ಬಗ್ಗೆಯೇ ಒಂದು ಮಾತು, ಬೇಜಾರಾಗಬೇಡಿ. ಅಣ್ಣನ ಫೋನು, ಬೈಕಿನ ಕೀಲಿ ತಮ್ಮನ ಜೇಬಿನಲ್ಲಿವೆ. ನಮ್ಮ ಕಡೆಯ ಮನೆಗಳಲ್ಲಿ ಹಿರಿಯ ಮಗನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ಹದಿನಾಲ್ಕು ವರ್ಷ ಮನೆ ಹೊತ್ತವರು ನೀವು, ಈಗ ಅವರನ್ನು ಕೇಳಿ ಏನು ಮಾಡುವುದು ಅನ್ನಿಸುವುದು ನನಗೆ ಅರ್ಥವಾಗುತ್ತದೆ. ಆದರೂ ಕೇಳಿ. ಈ ಸಲ ಯಾವ ಹೊಲದ ಕಬ್ಬು ಮೊದಲು ಕಡಿಸೋಣ, ಕೂಳೆ ಇಡೋಣವೋ ಬೇಡವೋ, ಗ್ಯಾಂಗಿನವರಿಗೆ ಎಷ್ಟು ಮುಂಗಡ ಕೊಡೋಣ, ಹೀಗೆ. ಮೊದಲು ‘ನಂಗೇನ್ ಗೊತ್ತು’ ಅನ್ನುತ್ತಾರೆ. ಎರಡು ದಿನ ಬಿಟ್ಟು ಮತ್ತೆ ಕೇಳಿ. ಫ್ಯಾಕ್ಟರಿಗೆ ಕಬ್ಬಿನ ಗಾಡಿ ಹೋದಾಗ ತೂಕದ ಚೀಟಿ ಅವರೇ ತರಲಿ.

ಫೋನನ್ನು ನಾಳೆಯೇ ಕೊಡಿ. ಹಳೇ ಗೆಳೆಯರ ನಂಬರ್ ಅಳಿಸುವುದಾದರೆ ಅವರೇ ಅಳಿಸಲಿ, ನೀವು ಪಕ್ಕದಲ್ಲಿ ಕೂತಿರಿ. ಫೋನ್ ಇಲ್ಲದವರು ಕುಡಿಯಬೇಕು ಅನ್ನಿಸಿದ ಹೊತ್ತಿನಲ್ಲಿ ಯಾರನ್ನು ಕರೆಯಬೇಕು? ಮಕ್ಕಳ ಜೊತೆ ಹೇಗೆ ಮಾತಾಡಬೇಕು? ಅತ್ತಿಗೆಯನ್ನು ವಾಪಸ್ ಬಾ ಎಂದು ಈಗಲೇ ಎಳೆಯಬೇಡಿ, ಅವರೂ ಬೆಂದಿದ್ದಾರೆ. ವಾರಕ್ಕೊಮ್ಮೆ ಮಕ್ಕಳ ದನಿ ಕೇಳಿಸಿದರೆ ಸದ್ಯಕ್ಕೆ ಸಾಕು.

ಇನ್ನು ‘ತಡ’ದ ವಿಚಾರ. ಜನ ಬೇಕು ಅನ್ನುವುದು ಸರಿ, ಯಾವ ಹೊತ್ತಿಗೆ? ಕುಡಿಯುವವನ ದಿನದಲ್ಲಿ ಗಟ್ಟಿ ಗಂಟೆ ಎರಡೇ, ಸಂಜೆ ಆರರಿಂದ ಎಂಟು. ರಾಜ್ಯದಲ್ಲಿ ಸಾರಾಯಿ ನಿಂತದ್ದು 2007ರ ಜುಲೈ 1ಕ್ಕೆ. ಸಾರಾಯಿ ನಿಂತಿತು, ಸಂಜೆ ಎಲ್ಲಿ ನಿಂತಿತು? ಬೇರೆ ಬಾಟಲಿ ಬಂತು. ಆ ಎರಡು ಗಂಟೆಗೆ ಬೇರೆ ಏನಾದರೂ ತುಂಬದೆ ಬಾಟಲಿ ಮಾತ್ರ ತೆಗೆದರೆ ಹೀಗೇ ಆಗುತ್ತದೆ. ನಿಮ್ಮ ಬುತ್ತಿ ಎಷ್ಟಕ್ಕೆ ತೋಟ ಮುಟ್ಟುತ್ತದೆ? ಬಹುಶಃ ಎಂಟೂವರೆಗೆ, ಒಬ್ಬ ಹುಡುಗ ಇಟ್ಟು ಓಡಿ ಬರುತ್ತಾನೆ. ಬೇಕಾದ ಹೊತ್ತು ಆಗಲೇ ದಾಟಿರುತ್ತದೆ.

ಇಂಡಿ ಕಡೆಯ ಲಿಂಬೆ ತೋಟದವರೊಬ್ಬರು ನನ್ನ ಹತ್ತಿರ ಬರುತ್ತಿದ್ದರು. ಗುರುತು ಸಿಗದಂತೆ ಒಂದೆರಡು ವಿವರ ಬದಲಿಸಿದ್ದೇನೆ. ‘ಹೊತ್ತು ಮುಳುಗಿದ್ರ ಕಾಲು ತಾವ ಹೋಗ್ತಾವ್ರಿ’ ಅನ್ನುತ್ತಿದ್ದರು. ಅವರ ಹೆಂಡತಿ ಬುದ್ಧಿವಂತೆ. ಎರಡು ಎಮ್ಮೆಯ ಹಾಲು ಹಿಂಡಿ ಡೇರಿಗೆ ಹಾಕುವ ಕೆಲಸವನ್ನು ಗಂಡನಿಗೆ ಒಪ್ಪಿಸಿದರು. ಡೇರಿ ತೆರೆಯುವುದು ಸರಿಯಾಗಿ ಆ ಹೊತ್ತಿಗೇ. ಮೊದಲ ದಿನ ಕ್ಯಾನ್ ಹಿಡಿದು ಸಾಲಿನಲ್ಲಿ ನಿಂತಾಗ ಮುಂದಿನವರು ಹಿಂದಿನವರು ಮಾತು ನಿಲ್ಲಿಸಿದರಂತೆ. ಎರಡನೇ ದಿನವೂ ಹಾಗೇ. ನಾಲ್ಕನೇ ದಿನ ಹಿಂದೆ ನಿಂತವರು, ‘ಕ್ಯಾನ್ ಒಂಚೂರು ಸರಸ್ರಿ’ ಅಂದರು. ಅದನ್ನು ನನಗೆ ಹೇಳುವಾಗ ಅವರ ಕಣ್ಣು ಒದ್ದೆಯಾಗಿತ್ತು. ‘ಕುಡದಾಂವಗ ಯಾರೂ ಹಂಗ ಅನ್ನಂಗಿಲ್ಲ ಡಾಕ್ಟ್ರ, ತಾವ ಸರದು ನಿಲ್ತಾರ’ ಅಂದರು. ಫ್ಯಾಟ್ ಬರೆದ ಡೇರಿ ಚೀಟಿಗಳನ್ನು ಅಂಗಿ ಜೇಬಿನಲ್ಲಿ ಮಡಚಿ ಇಟ್ಟುಕೊಂಡು ಬಂದು ತೋರಿಸುತ್ತಿದ್ದರು. ನನ್ನ ಮಾತ್ರೆಗಿಂತ ಆ ಚೀಟಿ ಮೇಲೆಯೇ ಅವರಿಗೆ ಜಾಸ್ತಿ ನಂಬಿಕೆ. (ಮಾತ್ರೆಯೂ ನುಂಗುತ್ತಿದ್ದರು, ಅದನ್ನೂ ಹೇಳಿಬಿಡಬೇಕು.)

ನಿಮ್ಮ ಊರಿನಲ್ಲಿ ಆ ಹೊತ್ತಿಗೆ ಏನಿದೆ ನೋಡಿ. ಡೇರಿ ಇರಬಹುದು. ಗರಡಿ ಮನೆ ಇದ್ದರೆ ಹುಡುಗರಿಗೆ ಪಟ್ಟು ಹೇಳಿಕೊಡಬಹುದು. ಭಜನೆ ಇದ್ದರೆ ತಾಳ ಹಿಡಿಯಬಹುದು. ದೇವರಲ್ಲಿ ಅಷ್ಟಾಗಿ ನಂಬಿಕೆ ಇಲ್ಲದವರೂ ಭಜನೆಯಲ್ಲಿ ಕೂತು ಚೇತರಿಸಿಕೊಂಡದ್ದನ್ನು ಕಂಡಿದ್ದೇನೆ. ಪಕ್ಕದವನ ತಾಳಕ್ಕೆ ನಮ್ಮ ತಾಳ ಕೂಡಿಸುವ ಎರಡು ತಾಸು ಕೈಗೂ ಕೆಲಸ, ಬಾಯಿಗೂ ಕೆಲಸ. ಬೆಳಗಾವಿ, ವಿಜಯಪುರದ ಕಡೆ ತುಳಸಿ ಮಾಲೆ ಹಾಕಿಕೊಂಡು ಆಷಾಢದಲ್ಲಿ ಪಂಢರಪುರಕ್ಕೆ ನಡೆದು ಹೋಗುವವರಿದ್ದಾರೆ. ಮಾಲೆ ಹಾಕಿಕೊಂಡರೆ ಮದ್ಯ ಮುಟ್ಟುವಂತಿಲ್ಲ. ಬಹಳ ಜನ ‘ದೇವರ ಭಯಕ್ಕೆ ಬಿಟ್ಟ’ ಅನ್ನುತ್ತಾರೆ. ನಾನು ನೋಡುವುದು ಬೇರೆ. ಮಾಲೆ ಹಾಕಿಕೊಂಡ ದಿನದಿಂದ ಅವನಿಗೆ ಜೊತೆಗೆ ನಡೆಯುವ ನಲವತ್ತು ಜನ ಸಿಗುತ್ತಾರೆ, ‘ಬಾ’ ಎಂದು ಕುಡಿಯಲು ಕರೆಯುವವರಿಗೆ ಹೇಳಲು ಗೌರವದ ನೆಪವೂ ಸಿಗುತ್ತದೆ.

ಅಮೆರಿಕದಲ್ಲಿ 1973ರಲ್ಲಿ ಹಂಟ್ ಮತ್ತು ಆಜ್ರಿನ್ ಎಂಬಿಬ್ಬರು ಹೆಚ್ಚುಕಡಿಮೆ ಇದನ್ನೇ ಮಾಡಿದರು. ಹಳೆಯ ಮದ್ಯದಂಗಡಿಯನ್ನೇ ಹಿಡಿದು ಅದನ್ನು ಕುಡಿತ ಬಿಟ್ಟವರ ಕ್ಲಬ್ ಮಾಡಿದರು. ಕುಡಿದು ಬಂದರೆ ಒಳಗೆ ಬಿಡುತ್ತಿರಲಿಲ್ಲ. ಜಾಗ ಅದೇ ಜಾತಿಯದು, ಹೊತ್ತೂ ಅದೇ, ಬಾಟಲಿ ಮಾತ್ರ ಇಲ್ಲ. ಕೆಲಸ, ಮನೆಯ ಸಂಬಂಧ, ಗೆಳೆತನ ಎಲ್ಲವನ್ನೂ ಹೀಗೆ ಕೂಡಿಸಿ ಕೊಟ್ಟವರು ಉಳಿದವರಿಗಿಂತ ಬಹಳ ಕಡಿಮೆ ಕುಡಿದರು. ಆಮೇಲೆ 2009ರ ಇನ್ನೊಂದು ಅಧ್ಯಯನದಲ್ಲಿ, ಸುತ್ತಲಿನ ಗೆಳೆಯರ ಬಳಗಕ್ಕೆ ಕುಡಿಯದ ಒಬ್ಬರು ಹೊಸದಾಗಿ ಸೇರಿದರೂ ಮುಂದಿನ ವರ್ಷ ಕುಡಿಯದೆ ಇರುವ ಸಾಧ್ಯತೆ ಶೇ. 27ರಷ್ಟು ಹೆಚ್ಚಿತು. ಒಬ್ಬರು ಸಾಕು ನೋಡಿ. ಊರೆಲ್ಲ ಬೇಕಿಲ್ಲ. ನಿಮ್ಮ ಅಣ್ಣನ ಹಳೇ ಪರಿಚಯದವರಲ್ಲಿ, ಕುಡಿಯದ, ಚುಚ್ಚದ ಒಬ್ಬರು ಯಾರಿದ್ದಾರೆ? ಶಾಲೆಯ ಗೆಳೆಯ, ಪಕ್ಕದ ಹೊಲದವರು, ಟ್ರ್ಯಾಕ್ಟರ್ ಮೇಸ್ತ್ರಿ, ಯಾರಾದರೂ ಸರಿ. ಅವರ ಮನೆಗೆ ನೀವೇ ಹೋಗಿ, ‘ದಿನಾ ಸಂಜಿಕ ಹತ್ತ ಮಿನಿಟ ಅಣ್ಣನ ಕೂಡ ಚಾ ಕುಡಿಯಾಕ ಬರ್ತೀರೇನ್ರಿ’ ಎಂದು ಕೇಳಿ.

ಕುಡಿತ ಬಿಟ್ಟವರ ಗುಂಪುಗಳೂ ಇವೆ. ಆಲ್ಕೊಹಾಲಿಕ್ಸ್ ಅನಾನಿಮಸ್ ಹುಟ್ಟಿದ್ದೇ ಒಂಟಿತನದ ಒಂದು ಸಂಜೆ. 1935ರ ಮೇ ತಿಂಗಳಲ್ಲಿ, ಕುಡಿತ ಬಿಟ್ಟು ಐದಾರು ತಿಂಗಳಾಗಿದ್ದ ಬಿಲ್ ವಿಲ್ಸನ್ ಅಮೆರಿಕದ ಆಕ್ರನ್ ಊರಿನ ಹೋಟೆಲಿನಲ್ಲಿ ಒಬ್ಬರೇ ನಿಂತಿದ್ದರು. ಬಂದ ವ್ಯವಹಾರ ಕೆಟ್ಟಿತ್ತು. ಒಂದು ಕಡೆ ಬಾರ್, ಇನ್ನೊಂದು ಕಡೆ ಟೆಲಿಫೋನು. ಅವರು ಫೋನ್ ಹಿಡಿದು ಕೇಳಿದ್ದು ಬುದ್ಧಿ ಹೇಳುವವರನ್ನಲ್ಲ. ‘ನನ್ನ ಹಾಗೇ ಕುಡಿತದಿಂದ ಒದ್ದಾಡುತ್ತಿರುವ ಇನ್ನೊಬ್ಬರು ಬೇಕು’ ಎಂದರು. ಹಾಗೆ ಸಿಕ್ಕವರು ಡಾಕ್ಟರ್ ಬಾಬ್ ಸ್ಮಿತ್. 2020ರಲ್ಲಿ 27 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ, ಚಿಕಿತ್ಸೆಗಳನ್ನು ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ ವರದಿ, ಪೂರ್ತಿ ಕುಡಿತ ಬಿಟ್ಟಿರುವ ವಿಚಾರದಲ್ಲಿ ಈ ಗುಂಪಿಗೆ ಕ್ರಮವಾಗಿ ಜೋಡಿಸುವ ವಿಧಾನ ಬೇರೆ ಮಾನಸಿಕ ಚಿಕಿತ್ಸೆಗಳಿಗಿಂತ ಮುಂದಿದೆ ಎಂದಿತು. ನಮ್ಮ ಕಡೆ ದೊಡ್ಡ ಊರುಗಳಲ್ಲಿ ಸಭೆ ನಡೆಯುತ್ತವೆ, ಫೋನಿನಲ್ಲೂ ಸೇರಬಹುದು. ಒಂದೆರಡು ಸಲ ಹೋಗಿ ನೋಡಲಿ, ಹಿಡಿಸದಿದ್ದರೆ ಬಿಡಲಿ. ನನ್ನ ರೋಗಿಗಳಲ್ಲಿ ಅರ್ಧದಷ್ಟು ಜನ ಒಂದೇ ಸಭೆಗೆ ‘ನಮಗಲ್ರಿ ಇದು’ ಎಂದು ಬಂದಿದ್ದಾರೆ.

ನಮ್ಮದೇ ನೆಲದ ಉದಾಹರಣೆ ಬೇಕೆಂದರೆ ನಿಮ್ಮ ಜಿಲ್ಲೆಯಲ್ಲೇ ಇಳಕಲ್ ಇದೆ. ಅಲ್ಲಿನ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ ಜೋಳಿಗೆ ಹಿಡಿದು ಹೊರಟರು. ಕಾಳು ಬೇಡ, ಕಾಸು ಬೇಡ, ನಿಮ್ಮ ದುಶ್ಚಟ ಹಾಕಿ ಎಂದು ಓಣಿ ಓಣಿ ತಿರುಗಿದರು. ಅವರು ಹುಟ್ಟಿದ ಆಗಸ್ಟ್ 1ನ್ನು ರಾಜ್ಯದಲ್ಲಿ ವ್ಯಸನಮುಕ್ತ ದಿನವಾಗಿ ಆಚರಿಸುತ್ತಾರೆ. ವೈದ್ಯನಾಗಿ ನನಗೆ ಅದರಲ್ಲಿ ಹಿಡಿಸುವುದು ಒಂದು ಸಣ್ಣ ಸಂಗತಿ. ಸ್ವಾಮಿಗಳೇ ಕುಡುಕನ ಬಾಗಿಲಿಗೆ ಹೋಗುತ್ತಿದ್ದರು. ವರ್ಷಗಟ್ಟಲೆ ಯಾರೂ ಹತ್ತದ ಕಟ್ಟೆ ಹತ್ತಿ, ಅವನ ಮುಂದೆ ಬೇಡುವವರಾಗಿ ನಿಲ್ಲುತ್ತಿದ್ದರು. ಎಲ್ಲರಿಗೂ ಕೈಯೊಡ್ಡಿ ಸೋತವನು ಆ ಹೊತ್ತಿನಲ್ಲಿ ಕೊಡುವವನಾಗುತ್ತಾನೆ.

ಆದರೆ ಹೀಗೆ ಹತ್ತು ಜನರೆದುರು ‘ಬಿಟ್ಟೆ’ ಎಂದು ಆಣೆ ಮಾಡಿಸುವುದರಲ್ಲಿ ಒಂದು ತೊಡಕೂ ಇದೆ. ಮುಂದೆ ಜಾರಿದರೆ ಮುಖ ತೋರಿಸಲಾಗದೆ ಮತ್ತೆ ಕತ್ತಲಲ್ಲಿ ಕೂರುತ್ತಾರೆ. ಜಾರುವುದು ಅಪರೂಪವಲ್ಲ. ಆದ್ದರಿಂದ ಈಗಲೇ, ಇಬ್ಬರೂ ಸಮಾಧಾನವಾಗಿ ಇರುವಾಗ ಮಾತಾಡಿಕೊಳ್ಳಿ: ‘ಒಂದ್ಸಲ ತಪ್ಪಿ ಕುಡಿದ್ರ ಮೊದಲ ನಂಗ ಫೋನ್ ಮಾಡು, ನಾ ಬೈಯಂಗಿಲ್ಲ, ಬಂದು ಕರಕೊಂಡ್ ಹೋಗ್ತೇನಿ.’ ಹೇಳಿದ ಮೇಲೆ ಬೈಯಬಾರದು. ಪಂಚಾಯ್ತಿ ಕೂಡಿಸಬಾರದು, ಮತ್ತೆ ತೋಟಕ್ಕೆ ಅಟ್ಟಬಾರದು. ಮರುದಿನವೇ ಡಾಕ್ಟರ ಹತ್ತಿರ ಬರಬೇಕು, ಅಷ್ಟೇ.

ಔಷಧಿ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಆಸೆ ತಗ್ಗಿಸುವ ನಾಲ್ಟ್ರೆಕ್ಸೋನ್, ಅಕ್ಯಾಂಪ್ರೊಸೇಟ್ ಎಂಬ ಮಾತ್ರೆಗಳಿವೆ. ಲಿವರ್, ಕಿಡ್ನಿ ನೋಡಿ ವೈದ್ಯರು ಕೊಡುತ್ತಾರೆ. ‘ಗೊತ್ತಾಗದಂತೆ ಊಟದಲ್ಲಿ ಬೆರೆಸಿ ಕುಡಿತ ಬಿಡಿಸಿ’ ಎಂಬ ಜಾಹೀರಾತಿಗೆ ಮರುಳಾಗಬೇಡಿ. ಡೈಸಲ್ಫಿರಾಮ್ ಎಂಬ ಮಾತ್ರೆ ಹೊಟ್ಟೆಯಲ್ಲಿರುವಾಗ ತಿಳಿಯದೆ ಕುಡಿದರೆ ಬಿಪಿ ಬಿದ್ದು ಪ್ರಾಣಕ್ಕೇ ಬರಬಹುದು. ಕುಡಿತದಿಂದ ಬಂದ ಮಾನಸಿಕ ತೊಂದರೆಯನ್ನೂ 2017ರ ಮಾನಸಿಕ ಆರೋಗ್ಯ ಕಾಯ್ದೆ ತನ್ನೊಳಗೆ ಸೇರಿಸಿಕೊಂಡಿದೆ. ಸರಪಳಿ ಹಾಕುವುದಕ್ಕೆ, ಒಂಟಿಯಾಗಿ ಕೂಡಿ ಹಾಕುವುದಕ್ಕೆ ಅದರಲ್ಲಿ ಅವಕಾಶವಿಲ್ಲ. ಮುಂದೆ ಯಾವುದೇ ಸೆಂಟರ್‌ಗೆ ಸೇರಿಸುವ ಮೊದಲು ಕೇಳಿ: ಮನೆಯವರು ಎಷ್ಟು ದಿನಕ್ಕೊಮ್ಮೆ ಭೇಟಿಯಾಗಬಹುದು, ಮನೋವೈದ್ಯರು ಬರುತ್ತಾರೋ ಇಲ್ಲವೋ, ಬಿಟ್ಟು ಕಳಿಸಿದ ಮೇಲೆ ಮುಂದೇನು? ಮೂರನೇ ಪ್ರಶ್ನೆಗೆ ಉತ್ತರ ಇಲ್ಲದಿದ್ದರೆ ಬೇರೆ ಕಡೆ ನೋಡಿ.

‘ಇದೆಲ್ಲ ದೊಡ್ಡ ಊರಿನವರಿಗೆ, ನಮ್ಮ ಹಳ್ಳಿಯಲ್ಲಿ ಯಾರಿದ್ದಾರೆ?’ ಅನ್ನಬಹುದು. 2019ರ ಕೇಂದ್ರ ಸರ್ಕಾರದ ಸಮೀಕ್ಷೆಯ ಪ್ರಕಾರ ಮದ್ಯಕ್ಕೆ ಅಂಟಿಕೊಂಡ 38 ಜನರಲ್ಲಿ ಒಬ್ಬರಿಗೆ ಮಾತ್ರ ಏನಾದರೂ ಚಿಕಿತ್ಸೆ ಸಿಕ್ಕಿದೆ. ಕೊರತೆ ನಿಜ. ಆದರೆ ಬೆಳಗಾವಿಯಿಂದ ಚೋರ್ಲಾ ಘಾಟ್ ಇಳಿದರೆ ಸಿಗುವ ಗೋವಾದಲ್ಲಿ ಒಂದು ಪ್ರಯೋಗ ನಡೆಯಿತು. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ಡಾಕ್ಟರೂ ನರ್ಸೂ ಅಲ್ಲದ ಅದೇ ಸೀಮೆಯ ಜನರಿಗೆ ತರಬೇತಿ ಕೊಟ್ಟು, ಜಾಸ್ತಿ ಕುಡಿಯುವ ಗಂಡಸರ ಜೊತೆ ಮೂರು ನಾಲ್ಕು ಸಲ ಕೂತು ಮಾತಾಡಲು ಹೇಳಿದರು. ಮೂರು ತಿಂಗಳ ಮೇಲೆ ಹಾಗೆ ಮಾತಾಡಿಸಿದವರಲ್ಲಿ ಶೇ. 36 ಮಂದಿ ಅಪಾಯದ ಕುಡಿತದಿಂದ ಹೊರಗೆ ಬಂದಿದ್ದರು, ಉಳಿದವರಲ್ಲಿ ಶೇ. 26. 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಪವಾಡವೇನಲ್ಲ, ಗಟ್ಟಿ ಚಟ ಹಿಡಿದವರ ಮೇಲೆ ಮಾಡಿದ್ದೂ ಅಲ್ಲ. ಆದರೂ ಚುಚ್ಚದೆ ಮಾತಾಡುವುದನ್ನು ಕಲಿತ ಸಾಮಾನ್ಯ ಮನುಷ್ಯ ಇಷ್ಟು ಮಾಡಬಲ್ಲ. ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನೂ ಒಮ್ಮೆ ಮಾತಾಡಿಸಿ.

ಕೊನೆಗೆ ಮದುವೆ. ಕರೆದುಕೊಂಡು ಹೋಗಿ. ಸ್ವಂತ ಅಕ್ಕನ ಮಗಳ ಅಕ್ಷತೆಗೆ ಸೋದರಮಾವ ಇಲ್ಲ ಎಂದರೆ ಅವರಿಗೆ ಅದಕ್ಕಿಂತ ದೊಡ್ಡ ಶಾಕ್ ಯಾವುದು? ಆದರೆ ಲೆಕ್ಕ ಹಾಕಿ ಹೋಗಿ. ಹಿಂದಿನ ವಾರವೇ ಅಕ್ಕನಿಗೆ ಹೇಳಿ, ‘ಬಿಟ್ಟಿದ್ದಾನೋ ಇಲ್ಲವೋ’ ಎಂದು ಯಾರೂ ಕೇಳದಂತೆ ಅವರೇ ನೋಡಿಕೊಳ್ಳಲಿ. ಅಣ್ಣನಿಗೆ ಒಂದು ಕೆಲಸ ಕೊಡಿಸಿ. ಉಗ್ರಾಣದ್ದೋ, ಊಟದ ಪಂಕ್ತಿಯದ್ದೋ, ಕೈ ಬಿಡುವಾಗದಂಥದ್ದು. ಅಕ್ಷತೆ, ಊಟ ಮುಗಿದ ಮೇಲೆ, ಡಾಲ್ಬಿ ಹಚ್ಚಿ ಹುಡುಗರು ಮರೆಗೆ ಹೋಗುವ ಹೊತ್ತಿಗೆ ಮೊದಲು ಇಬ್ಬರೂ ಹೊರಟುಬಿಡಿ. ‘ಹಾಲು ಹಿಂಡೋ ಹೊತ್ತಾತು’ ಎಂದರೆ ಯಾರೂ ತಡೆಯುವುದಿಲ್ಲ. ಹೋಗುವಾಗ, ಬರುವಾಗ ಬೈಕ್ ಅಣ್ಣನೇ ಓಡಿಸಲಿ. ನೀವು ಹಿಂದೆ ಕೂತುಕೊಳ್ಳಿ.